ಹಟ್ಟಿಯ ದೇವರು, ಹೊರಗಿನ ಪ್ರಶ್ನೆ

ಜುಂಜಪ್ಪನ ನೆಲೆ

ಜುಂಜಪ್ಪ ಕಾಡುಗೊಲ್ಲರ ದೇವರು, ದನಕರು ಕಾಯುವ ವೀರ. ಶಿರಾ ತಾಲ್ಲೂಕಿನ ಕಳುವರಹಳ್ಳಿ ಬಳಿಯ ಜುಂಜಪ್ಪನ ಗುಡ್ಡೆ ಅವನ ಮುಖ್ಯ ನೆಲೆ. ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಪಾವಗಡ ಸೀಮೆಯಿಂದ ಹಿಡಿದು ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಚಳ್ಳಕೆರೆಯವರೆಗಿನ ಗೊಲ್ಲರಹಟ್ಟಿಗಳಲ್ಲಿ ಅವನ ಒಕ್ಕಲು ಹಬ್ಬಿದೆ. ಕೆಂಗುರಿ ಮಲ್ಲೇಗೌಡ ಮತ್ತು ಚಿನ್ನಮ್ಮನ ಮಗನಾಗಿ ಹುಟ್ಟಿದ ಜುಂಜಪ್ಪ ಸೋದರಮಾವಂದಿರ ಹಗೆಗೆ ಗುರಿಯಾಗಿ, ಅವರು ಒಡ್ಡಿದ ಗಂಡಾಂತರಗಳನ್ನು ಎದುರಿಸಿ, ಕೊನೆಗೆ ದೈವವಾಗಿ ನಿಂತ ಎಂಬುದು ಅವನ ಕಥೆಯ ತಿರುಳು.

ಈ ದೇವರ ಪೂಜೆ ಆಗಮಶಾಸ್ತ್ರವನ್ನು ನೆಚ್ಚಿಕೊಂಡದ್ದಲ್ಲ, ಪೂಜಾರಿಯೂ ಗೊಲ್ಲನೇ. ದೇವರ ಚರಿತ್ರೆ ಉಳಿದು ಬಂದಿರುವುದು ಹಾಡಿನಲ್ಲಿ ಮತ್ತು ಗಣೆಯಲ್ಲಿ. ಗಣೆ ಎಂದರೆ ಬಿದಿರಿನ ಉದ್ದನೆಯ ಕೊಳಲು, ಜುಂಜಪ್ಪನ ಕಥೆಗೆ ಮೀಸಲಾದದ್ದು. ಹಾಡುಗಾರ ಕಥೆಯ ಒಂದು ತುಂಡನ್ನು ಹಾಡಿ ನಿಲ್ಲಿಸುತ್ತಾನೆ, ಗಣೆಯನ್ನು ತುಟಿಗಿಟ್ಟು ಊದುತ್ತಾನೆ, ಮತ್ತೆ ಕಥೆಗೆ ಬರುತ್ತಾನೆ. ಕಥೆ ರಾತ್ರಿಯೆಲ್ಲ ನಡೆಯುತ್ತದೆ. ಕೇಳುವವರಿಗೆ ಅದು ಮನರಂಜನೆಯೂ ಹೌದು, ದೇವರ ಸೇವೆಯೂ ಹೌದು. ಹಟ್ಟಿಯ ಮಟ್ಟಿಗೆ ಇವೆರಡೂ ಬೇರೆಯಲ್ಲ. ಇದೇ ಕುಲದ ಇನ್ನೊಂದು ದೈವ ಕ್ಯಾತಪ್ಪ. ಚಳ್ಳಕೆರೆ ತಾಲ್ಲೂಕಿನ ಚನ್ನಮ್ಮನಾಗತಿಹಳ್ಳಿಯಲ್ಲಿ ನಡೆಯುವ ಅವನ ಪರಿಷೆಯಲ್ಲಿ ಬಾರೆಮುಳ್ಳಿನ ಗುಡಿ ಕಟ್ಟಿ, ಗೊಲ್ಲರ ಹುಡುಗರು ಬರಿಗಾಲಲ್ಲಿ ಮುಳ್ಳು ತುಳಿದು ಮೇಲೇರಿ ಕಳಶ ಕೀಳುತ್ತಾರೆ. ಹಿಂದೆ ಹಟ್ಟಿಯ ಸುತ್ತ ಬೇಲಿಯಾಗಿ ನಿಲ್ಲುತ್ತಿದ್ದ ಮುಳ್ಳೇ ಇಲ್ಲಿ ಗುಡಿಯ ಗೋಡೆ.

ಹೀಗೆ ಹಾಡಿನಲ್ಲಿ, ಆಚರಣೆಯಲ್ಲಿ ಬಾಳುವ ದೇವರು ಬೇರೆ ಭಾಷೆ, ಬೇರೆ ಆಡಳಿತ, ಬೇರೆ ಧರ್ಮಗಳ ಒಡನಾಟದಲ್ಲಿ ತಲೆಮಾರುಗಳನ್ನು ಕಳೆದಾಗ ಅವನ ಜನ ತಮ್ಮತನ ಉಳಿಸಿಕೊಳ್ಳುವುದು ಯಾವುದರ ಬಲದಿಂದ ಎಂಬುದು ಧರ್ಮಚಿಂತನೆಯ ದೊಡ್ಡ ಪ್ರಶ್ನೆ. ವಸಾಹತು ಆಳ್ವಿಕೆಯನ್ನು ಕಂಡ ಆಫ್ರಿಕಾದ ಲೇಖಕರೂ ತತ್ವಚಿಂತಕರೂ 20ನೇ ಶತಮಾನದುದ್ದಕ್ಕೂ ಇದೇ ಪ್ರಶ್ನೆಯ ಮೇಲೆ ವಾದ ಮಾಡಿದ್ದಾರೆ. ಭಾಷೆಯೇ ತಮ್ಮತನದ ಜೀವಾಳ ಎಂದವರಿದ್ದಾರೆ. ನೆನಪು ಮತ್ತು ಆಚರಣೆ ಎಂದವರಿದ್ದಾರೆ. ಸ್ವಂತವಾಗಿ ಯೋಚಿಸುವ ಅಧಿಕಾರ ಎಂದವರೂ ಇದ್ದಾರೆ. ಈ ಮೂರು ಉತ್ತರಗಳನ್ನೂ ಮಧುಗಿರಿ ಸೀಮೆಯ ಅನುಭವದ ಮೇಲೆ ಒರೆಹಚ್ಚಬಹುದು.

ಹೊರಗು ಬಂದ ದಾರಿಗಳು

ಈ ಸೀಮೆಗೆ ಹೊರಗಿನ ಪ್ರಭಾವ ಒಂದೇ ದಿಕ್ಕಿನಿಂದ ಬಂದದ್ದಲ್ಲ. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಶಿರಾವನ್ನು ಗೆದ್ದ. ಶಿರಾದಲ್ಲಿರುವ ಮಲಿಕ್ ರಿಹಾನನ ಸಮಾಧಿ 1651ರದು, ಜುಮ್ಮಾ ಮಸೀದಿ 1696ರದು. 1687ರಲ್ಲಿ ಮೊಗಲರು ಶಿರಾವನ್ನು ಒಂದು ಸುಬಾದ ಕೇಂದ್ರವಾಗಿ ಮಾಡಿಕೊಂಡರು. 1761ರಲ್ಲಿ ಅದು ಹೈದರಾಲಿಯ ವಶವಾಯಿತು. ಬಿಜಾಪುರದ ದರ್ಬಾರಿನಲ್ಲಿ ಇಥಿಯೋಪಿಯಾ ಮೂಲದ ಹಬಶಿ ಸರದಾರರು ದೊಡ್ಡ ಹುದ್ದೆಗಳಲ್ಲಿದ್ದರು. ಶಿರಾವನ್ನು ಆಳಿದ ರಾಜ್ಯದಲ್ಲಿ ಆಫ್ರಿಕಾ ಆಳುವವರ ಸಾಲಿನಲ್ಲೂ ಇತ್ತು ಎಂಬುದು ಮರೆಯಬಾರದ ಸಂಗತಿ.

ಈ ಆಳ್ವಿಕೆಗಳು ರೈತನ ಬಾಯಲ್ಲಿ ಇಂದಿಗೂ ಉಳಿದಿವೆ. ಹೊಲ ಖುಷ್ಕಿಯೋ ತರಿಯೋ ಬಾಗಾಯ್ತೋ ಎಂದು ಹೇಳುವಾಗ, ಪಹಣಿ ತೆಗೆಸಲು ತಹಶೀಲ್ದಾರರ ಕಚೇರಿಗೆ ಹೋಗುವಾಗ, ದರ್ಖಾಸ್ತು ಹಾಕುವಾಗ ಯಾವ ರೈತನೂ ತಾನು ಪರಭಾಷೆ ಆಡುತ್ತಿದ್ದೇನೆ ಎಂದುಕೊಳ್ಳುವುದಿಲ್ಲ. ಪಾರಸಿ, ಅರಬ್ಬಿ ಪದಗಳು ಕನ್ನಡದ ವಿಭಕ್ತಿ ಹಚ್ಚಿಕೊಂಡು ಕನ್ನಡವೇ ಆಗಿವೆ. ಪೂರ್ವ ಆಫ್ರಿಕಾದ ಸ್ವಾಹಿಲಿಯೂ ಹೀಗೆಯೇ. ಅದರಲ್ಲಿ ಅರಬ್ಬಿ ಪದಗಳು ಹೇರಳವಾಗಿದ್ದರೂ ಅದರ ವ್ಯಾಕರಣ ಬಂಟು ಕುಟುಂಬದ್ದು. ಪದಗಳ ಕೊಳುಕೊಡೆಯಿಂದಲೇ ಒಂದು ಭಾಷೆಯ ಸ್ವಭಾವ ಕೆಡುವುದಿಲ್ಲ ಎಂಬುದಕ್ಕೆ ಎರಡೂ ಸಾಕ್ಷಿ. ಈ ಬೆರಕೆ ಮಾತಿನಲ್ಲಷ್ಟೇ ಇಲ್ಲ. ಶಿರಾ ತಾಲ್ಲೂಕಿನ ಸೀಬಿಯ ನರಸಿಂಹಸ್ವಾಮಿ ದೇವಾಲಯವನ್ನು ಕಟ್ಟಿಸಿದವರು ಮೈಸೂರಿನ ಮುಸ್ಲಿಂ ದೊರೆಗಳ ಸೇವೆಯಲ್ಲಿದ್ದ ಕಚೇರಿ ಕೃಷ್ಣಪ್ಪನ ಮಕ್ಕಳು. ಅಲ್ಲಿನ ಚಾವಣಿಯಲ್ಲಿ ರಾಮಾಯಣದ ಚಿತ್ರಗಳ ಜೊತೆಗೆ ದರ್ಬಾರಿನ ಚಿತ್ರಗಳೂ ಇವೆ.

ಪಾವಗಡದ ಕಥೆ ಇನ್ನೊಂದು ಬಗೆಯದು. ತಾಲ್ಲೂಕಿನ ಬಹುಪಾಲು ಗಡಿಯನ್ನು ಆಂಧ್ರ ಪ್ರದೇಶ ಸುತ್ತುವರಿದಿದೆ. ಅನೇಕ ಮನೆಗಳಲ್ಲಿ ಮಾತು ತೆಲುಗು. ಶಾಲೆ, ಕಚೇರಿ, ಅರ್ಜಿಯಲ್ಲಿ ಕನ್ನಡ. ತೆಲುಗು ಗೊಲ್ಲರಿಗೆ ತಮ್ಮದೇ ಆದ ಕಾಟಮರಾಜು ಕಥೆಯಿದೆ. ಹುಲ್ಲುಗಾವಲಿನ ಸುಂಕಕ್ಕಾಗಿ ನೆಲ್ಲೂರಿನ ದೊರೆಯೊಡನೆ ನಡೆದ ಯುದ್ಧ ಅದರ ವಸ್ತು. ಕಾಡುಗೊಲ್ಲರು ಹಾಡುವುದು ಕನ್ನಡದಲ್ಲಿ. ಕಸುಬು ಒಂದೇ, ಭಾಷೆ ಎರಡು, ವೀರರೂ ಇಬ್ಬರು. ಶತಮಾನಗಳಿಂದ ಅಕ್ಕಪಕ್ಕದಲ್ಲಿದ್ದರೂ ಒಂದು ಇನ್ನೊಂದನ್ನು ನುಂಗಿಲ್ಲ.

ಇವೆರಡಕ್ಕಿಂತ ಸದ್ದಿಲ್ಲದೆ ಬಂದದ್ದು ಶಿಷ್ಟ ಧರ್ಮದ ಪ್ರಭಾವ. ಜುಂಜಪ್ಪನನ್ನು ವೀರಭದ್ರನ ಅಂಶವೆಂದು ಹೇಳುವ ಪಾಠಗಳಿವೆ. ಯಾದವ ಸಂಘಟನೆಗಳು ಬೆಳೆದ ಮೇಲೆ ಗೊಲ್ಲರೆಲ್ಲ ಕೃಷ್ಣನ ವಂಶದವರು ಎಂಬ ಮಾತು ಬಲವಾಯಿತು. ಬಳಿಕ ಬಂದದ್ದು ಅಚ್ಚು. ತೀ.ನಂ. ಶಂಕರನಾರಾಯಣ ಅವರಂಥ ವಿದ್ವಾಂಸರು ಕಾಡುಗೊಲ್ಲರ ನಂಬಿಕೆಗಳನ್ನು ಅಧ್ಯಯನ ಮಾಡಿದರು. ಜುಂಜಪ್ಪನ ಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪುಸ್ತಕವಾಗಿ ತಂದಿತು. ಗಣೆ ಊದುವವನಿಗೆ ಇಂಗ್ಲಿಷಿನಷ್ಟೇ ಪುಸ್ತಕದ ಕನ್ನಡವೂ ಹೊರಗಿನದು. ಹೊರಗು ಎಂಬುದಕ್ಕೆ ಹಲವು ಪದರಗಳಿವೆ. ಬೆಂಗಳೂರಿಗೆ ಒಳಗಾಗಿ ಕಾಣುವುದು ಹಟ್ಟಿಗೆ ಹೊರಗಾಗಿರಬಹುದು.

ಭಾಷೆಯೇ ತಮ್ಮತನ ಎಂಬ ವಾದ

1962ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ಇಂಗ್ಲಿಷಿನಲ್ಲಿ ಬರೆಯುವ ಆಫ್ರಿಕನ್ ಲೇಖಕರ ಸಮ್ಮೇಳನ ನಡೆಯಿತು. ಮರುವರ್ಷವೇ ನೈಜೀರಿಯಾದ ವಿಮರ್ಶಕ ಓಬಿ ವಾಲಿ, ಯುರೋಪಿನ ಭಾಷೆಗಳಲ್ಲಿ ಬರೆಯುತ್ತ ಹೋದರೆ ಆಫ್ರಿಕನ್ ಸಾಹಿತ್ಯಕ್ಕೆ ಮುಂದೆ ದಾರಿಯಿಲ್ಲ ಎಂದು ಬರೆದು ಜಗಳಕ್ಕೆ ನಾಂದಿ ಹಾಡಿದ. ಅದೇ ದೇಶದ ಕಾದಂಬರಿಕಾರ ಚಿನುವಾ ಅಚಿಬೆ ಇದನ್ನು ಒಪ್ಪಲಿಲ್ಲ. ಇಂಗ್ಲಿಷನ್ನು ತಮ್ಮ ಅನುಭವಕ್ಕೆ ತಕ್ಕಂತೆ ಬಗ್ಗಿಸಿಕೊಳ್ಳಬಹುದು ಎಂಬುದು ಆತನ ನಿಲುವು. 1958ರಲ್ಲಿ ಬಂದ ಆತನ ಮೊದಲ ಕಾದಂಬರಿಯಲ್ಲಿ ಇಗ್ಬೊ ಗಾದೆಗಳು ಇಂಗ್ಲಿಷ್ ವಾಕ್ಯಗಳ ನಡೆಯನ್ನೇ ಬದಲಿಸಿದವು.

ಕೆನ್ಯಾದ ಗೂಗಿ ವಾ ಥಿಯಾಂಗೊ ಮೊದಲು ಇಂಗ್ಲಿಷಿನಲ್ಲಿ ಬರೆದು ಹೆಸರಾದವನು. 1977ರಲ್ಲಿ ಕಮಿರಿಥು ಹಳ್ಳಿಯ ಜನರ ಜೊತೆ ಗಿಕುಯು ಭಾಷೆಯಲ್ಲಿ ನಾಟಕ ಆಡಿಸಿದ. ಅದೇ ವರ್ಷದ ಕೊನೆಯ ದಿನ ಸರ್ಕಾರ ಅವನನ್ನು ಬಂಧಿಸಿತು. ಸೆರೆಮನೆಯಲ್ಲಿ ಶೌಚಾಲಯದ ಕಾಗದದ ಮೇಲೆ ಗಿಕುಯು ಕಾದಂಬರಿ ಬರೆದ. ಇಂಗ್ಲಿಷಿನಲ್ಲಿ ಬರೆದಾಗ ಸುಮ್ಮನಿದ್ದ ಆಳುವವರಿಗೆ ಹಳ್ಳಿಯ ಭಾಷೆಯ ನಾಟಕ ತಡೆಯಲಾಗಲಿಲ್ಲ. 1986ರ ತನ್ನ ಪ್ರಬಂಧಗಳಲ್ಲಿ, ಶಾಲೆಯಲ್ಲಿ ತಾಯ್ನುಡಿ ಆಡಿದ ಮಕ್ಕಳನ್ನು ಹೊಡೆದು ಅವಮಾನಿಸುತ್ತಿದ್ದುದನ್ನು ಅವನು ವಿವರಿಸುತ್ತಾನೆ. ಮಗುವಿನ ಭಾಷೆಯನ್ನು ಕೀಳುಮಾಡಿದರೆ ಆ ಭಾಷೆಯಲ್ಲಿರುವ ದೇವರು, ಹಿರಿಯರು, ನೆಲ ಎಲ್ಲವೂ ಕೀಳಾಗಿ ಕಾಣತೊಡಗುತ್ತವೆ ಎಂಬುದು ಅವನ ವಾದ. 2025ರ ಮೇ 28ರಂದು ತೀರಿಕೊಳ್ಳುವವರೆಗೂ ಗೂಗಿ ಈ ನಿಲುವನ್ನು ಬಿಡಲಿಲ್ಲ.

ಮಧುಗಿರಿ ಸೀಮೆಗೆ ಈ ವಾದವನ್ನು ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಗಿಕುಯುವಿಗೆ ಲಿಪಿ ಒದಗಿದ್ದು ಮಿಷನರಿಗಳ ಕಾಲದಲ್ಲಿ. ಕನ್ನಡಕ್ಕೆ ಸಾವಿರ ವರ್ಷ ಮೀರಿದ ಬರಹವಿದೆ. ಆದರೆ ಆ ಬರಹದಲ್ಲಿ ಜುಂಜಪ್ಪನಿಗೆ ಬಹುಕಾಲ ಜಾಗವಿರಲಿಲ್ಲ. ಭಾಷೆ ಒಂದೇ ಆಗಿದ್ದರೂ ಅದರೊಳಗೆ ಮೇಲುಕೀಳು ಇರಬಹುದು. ಹಟ್ಟಿಯ ಮಗು ಶಾಲೆಯಲ್ಲಿ ಪುಸ್ತಕದ ಕನ್ನಡಕ್ಕೆ ನಾಲಿಗೆ ಹೊರಳಿಸಬೇಕು, ಆಮೇಲೆ ಇಂಗ್ಲಿಷಿಗೆ. ಮನೆಯ ಮಾತು ಎರಡಕ್ಕೂ ತಪ್ಪಾಗಿ ಕೇಳಿಸುತ್ತದೆ. ತಾಯ್ನುಡಿಯ ಹೆಸರೊಂದೇ ರಕ್ಷಣೆಯಲ್ಲ. ಆ ನುಡಿಯೊಳಗೆ ಯಾರ ಬಾಯಿಗೆ ಬೆಲೆಯಿದೆ ಎಂಬುದೂ ಲೆಕ್ಕಕ್ಕೆ ಬರಬೇಕು.

ಪ್ರಶ್ನೆ ಯಾರದು

ಉಗಾಂಡಾದ ಕವಿ, ಚಿಂತಕ ಓಕೊಟ್ ಪಿ'ಬಿಟೆಕ್ ಹೇಳುವ ಒಂದು ಪ್ರಸಂಗ ಈ ಚರ್ಚೆಗೆ ಹೊಸ ತಿರುವು ಕೊಡುತ್ತದೆ. 1911ರಲ್ಲಿ ಇಟಲಿಯ ಪಾದ್ರಿಗಳು ಅಲ್ಲಿನ ಅಚೋಲಿ ಜನಾಂಗದ ಹಿರಿಯರನ್ನು ಕೂರಿಸಿಕೊಂಡು, ನಿಮ್ಮನ್ನು ಸೃಷ್ಟಿಸಿದವರು ಯಾರು ಎಂದು ಕೇಳಿದರು. ಸೃಷ್ಟಿ ಎಂಬ ಕಲ್ಪನೆ ಅಚೋಲಿ ಭಾಷೆಯಲ್ಲಿ ಇರಲಿಲ್ಲ. ಪ್ರಶ್ನೆ ನಿಮ್ಮನ್ನು ಯಾರು ತಿದ್ದಿದರು, ಮಡಕೆ ಮಾಡಿದ ಹಾಗೆ ಯಾರು ರೂಪಿಸಿದರು ಎಂಬಂತೆ ಕೇಳಿಸಿತು. ಹಿರಿಯರಿಗೆ ಏನೂ ತೋಚಲಿಲ್ಲ. ಕೊನೆಗೆ ಒಬ್ಬನಿಗೆ, ಬೆನ್ನುಮೂಳೆಯ ರೋಗ ಬಂದು ಗೂನಾದವರನ್ನು ರುಬಾಂಗ ಎಂಬ ದುಷ್ಟಶಕ್ತಿ ಹಾಗೆ ತಿದ್ದುತ್ತದೆ ಎಂಬ ನಂಬಿಕೆ ನೆನಪಾಗಿ, ರುಬಾಂಗ ಎಂದ. ಅಂದಿನಿಂದ ರುಬಾಂಗ ಅಲ್ಲಿನ ಕ್ರೈಸ್ತರ ದೇವರ ಹೆಸರಾಯಿತು.

ಪಾದ್ರಿಗಳು ಅಚೋಲಿ ಭಾಷೆಯನ್ನು ಅಳಿಸಲಿಲ್ಲ. ಅದರಲ್ಲಿಯೇ ಪ್ರಾರ್ಥನೆ ಮಾಡಿಸಿದರು. ಕೆಟ್ಟದ್ದು ಪ್ರಶ್ನೆಯಲ್ಲಿ. ಅಚೋಲಿಗಳು ತಮ್ಮಷ್ಟಕ್ಕೆ ಕೇಳಿಕೊಳ್ಳದ ಪ್ರಶ್ನೆಗೆ ಅವರ ಬಾಯಿಂದಲೇ ಉತ್ತರ ಹೊರಡಿಸಲಾಯಿತು. ಆ ಉತ್ತರವೇ ಅವರ ಧರ್ಮ ಎನಿಸಿಕೊಂಡಿತು. ಆಫ್ರಿಕಾದ ದೇವರುಗಳು ಸರ್ವಶಕ್ತ, ಸರ್ವಜ್ಞ, ಅನಾದಿ ಎಂದು ತೋರಿಸಲು ಹೊರಟ ಆಫ್ರಿಕನ್ ವಿದ್ವಾಂಸರ ಮೇಲೂ ಓಕೊಟ್ ಹರಿಹಾಯ್ದ. ಕೆನ್ಯಾದ ಜಾನ್ ಎಂಬಿಟಿಯಂಥವರು ತಮ್ಮ ಹಿರಿಯರ ದೈವಗಳಿಗೆ ಗ್ರೀಕ್ ತತ್ವಶಾಸ್ತ್ರದ ಉಡುಗೆ ತೊಡಿಸುತ್ತಿದ್ದಾರೆ ಎಂಬುದು ಅವನ ಆಕ್ಷೇಪ.

ಜುಂಜಪ್ಪ ಯಾರ ಅವತಾರ ಎಂಬ ಪ್ರಶ್ನೆಯೂ ಈ ಜಾತಿಯದೇ. ಕೇಳಿದರೆ ಉತ್ತರ ಸಿಗುತ್ತದೆ: ಒಬ್ಬರು ವೀರಭದ್ರ ಎನ್ನಬಹುದು, ಇನ್ನೊಬ್ಬರು ಕೃಷ್ಣ ಎನ್ನಬಹುದು. ಕಥೆಯೊಳಗಿನ ಜುಂಜಪ್ಪನ ಹಿರಿಮೆ ಮಾತ್ರ ಬೇರೆ ಕಡೆ ಇದೆ. ತುರುಗಳನ್ನು ಕಾದದ್ದು, ನಂಟರ ಕಪಟವನ್ನು ತಾಳಿಕೊಂಡದ್ದು, ಒಕ್ಕಲಿಗೆ ಆಸರೆಯಾದದ್ದು ಅವನನ್ನು ದೇವರಾಗಿಸಿವೆ. ದೊಡ್ಡ ದೇವರೊಬ್ಬನ ತುಣುಕು ಎಂದು ಹೇಳಿದಾಗ ಅವನಿಗೆ ಮರ್ಯಾದೆ ಹೆಚ್ಚಿದಂತೆ ಕಾಣುತ್ತದೆ. ಜೊತೆಗೆ, ದೈವತ್ವ ಬದುಕಿನ ನಡತೆಯಿಂದ ಬರುತ್ತದೆ ಎಂಬ ಹಟ್ಟಿಯ ತಿಳಿವಳಿಕೆ ಹಿಂದೆ ಸರಿಯುತ್ತದೆ. ಇದು ದೇವರ ಹೆಸರನ್ನು ಮುಟ್ಟದೆ ದೇವರನ್ನು ಬದಲಿಸುವ ರೀತಿ.

ಘಾನಾದ ತತ್ವಶಾಸ್ತ್ರಜ್ಞ ಕ್ವಾಸಿ ವಿರೆಡು ಇದಕ್ಕೊಂದು ಪರೀಕ್ಷೆ ಸೂಚಿಸಿದ. ಪರಭಾಷೆಯಲ್ಲಿ ಕಲಿತ ತಾತ್ವಿಕ ಸಮಸ್ಯೆಯನ್ನು ಸ್ವಂತ ಭಾಷೆಯಲ್ಲಿ ಇಟ್ಟು ನೋಡಬೇಕು. ಅಲ್ಲಿಯೂ ಅದು ಸಮಸ್ಯೆಯಾಗಿ ನಿಂತರೆ ಚರ್ಚಿಸಬೇಕು, ಕರಗಿಹೋದರೆ ಅದು ಆ ಪರಭಾಷೆಯ ವ್ಯಾಕರಣದಿಂದ ಹುಟ್ಟಿದ್ದೆಂದು ತಿಳಿಯಬೇಕು. ಬೆನಿನ್ ದೇಶದ ಪೌಲಿನ್ ಹೂಂಟೊಂಜಿ ಇನ್ನೊಂದು ಎಚ್ಚರಿಕೆ ಕೊಟ್ಟ. 1945ರಲ್ಲಿ ಬೆಲ್ಜಿಯಂನ ಪಾದ್ರಿ ಪ್ಲಾಸಿಡ್ ಟೆಂಪಲ್ಸ್ ಬಂಟು ಜನಕ್ಕೆಲ್ಲ ಒಂದೇ ತತ್ವಶಾಸ್ತ್ರವಿದೆ ಎಂದು ಪುಸ್ತಕ ಬರೆದಿದ್ದ. ಹೂಂಟೊಂಜಿಯ ಪ್ರಕಾರ ಅದು ಬಂಟುಗಳ ತತ್ವಶಾಸ್ತ್ರವಲ್ಲ, ಟೆಂಪಲ್ಸನದು. ಒಂದು ಜನಾಂಗದವರೆಲ್ಲ ಒಂದೇ ರೀತಿ ಯೋಚಿಸುತ್ತಾರೆ ಎಂಬ ಊಹೆಯೇ ಅವಮಾನಕರ. ವಾದಿಸುವ, ಒಪ್ಪದಿರುವ ವ್ಯಕ್ತಿಗಳಿಲ್ಲದೆ ತತ್ವಚಿಂತನೆಯಿಲ್ಲ.

ಈ ಎಚ್ಚರಿಕೆ ಜಾನಪದ ವಿದ್ವಾಂಸರಿಗೂ ಸಲ್ಲುತ್ತದೆ. ಕಾಡುಗೊಲ್ಲರ ದರ್ಶನ ಎಂದು ಒಂದೇ ಮಾತಿನಲ್ಲಿ ಬರೆದುಬಿಡುವುದು ಸುಲಭ. ಆದರೆ ಜುಂಜಪ್ಪನ ಕಥೆಯನ್ನು ಒಬ್ಬೊಬ್ಬ ಹಾಡುಗಾರನೂ ಒಂದೊಂದು ರೀತಿ ಹಾಡುತ್ತಾನೆ; ಎಲ್ಲಿ ಹಿಗ್ಗಿಸಬೇಕು, ಯಾರ ಪರ ಮಾತಾಡಬೇಕು ಎಂಬ ತೀರ್ಮಾನ ಅವನದು. ಕೆನ್ಯಾದ ಓಡೆರಾ ಓರುಕಾ ಹಳ್ಳಿಯ ಜ್ಞಾನಿಗಳ ಜೊತೆ ಕೂತು ಮಾತಾಡಿ, ಪರಂಪರೆಯನ್ನು ಒಪ್ಪಿಸುವವರನ್ನೂ ಅದನ್ನು ಪ್ರಶ್ನಿಸುವವರನ್ನೂ ಬೇರೆ ಬೇರೆಯಾಗಿ ಗುರುತಿಸಿದ. ಹಟ್ಟಿಯಲ್ಲೂ ಈ ಎರಡೂ ಬಗೆಯವರು ಇರಲೇಬೇಕು.

ಭಾಷೆ ಹೋದ ಮೇಲೆ

ಭಾಷೆಯೇ ಎಲ್ಲ ಎಂಬ ವಾದಕ್ಕೆ ಕರ್ನಾಟಕದಲ್ಲೇ ಒಂದು ಸವಾಲಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡುಗಳಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಿಕರು ಆಫ್ರಿಕಾದಿಂದ ಬಂದವರು. ಬಹುಮಂದಿ ಗುಲಾಮರಾಗಿ ತರಲ್ಪಟ್ಟವರು. ಅವರ ಮೂಲಭಾಷೆಗಳು ಉಳಿದಿಲ್ಲ. ಇಂದು ಅವರು ಕೊಂಕಣಿ, ಕನ್ನಡ, ಉರ್ದು ಆಡುತ್ತಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳಲ್ಲಿ ಹಂಚಿಹೋಗಿದ್ದಾರೆ. ಹೀಗಿದ್ದೂ ಸಿದ್ದಿ ಎಂಬ ಒಂದು ಕುಲವಾಗಿ ನಿಂತಿದ್ದಾರೆ. ಹಿರಿಯರ ಪೂಜೆ ಮತ್ತು ಡಮಾಮಿ ಎಂಬ ಡೋಲಿನ ಬಡಿತ ಈ ಒಗ್ಗಟ್ಟಿನ ದೊಡ್ಡ ಗುರುತುಗಳು.

ಗೂಗಿಯ ವಾದ ಇದರಿಂದ ಸುಳ್ಳಾಗುವುದಿಲ್ಲ. ಭಾಷೆಯೊಂದಿಗೆ ಊರಿನ ಹೆಸರು, ವಂಶದ ನೆನಪು, ಹಾಡುಗಳ ಅರ್ಥ ಹೋಗಿವೆ. ಅದು ಸಣ್ಣ ನಷ್ಟವಲ್ಲ. ಆದರೆ ಸಿಕ್ಕ ಭಾಷೆಯಲ್ಲೇ, ಸಿಕ್ಕ ಧರ್ಮದಲ್ಲೇ, ಹಿರಿಯರನ್ನು ನೆನೆಯುವುದು ಹೇಗೆ ಎಂಬುದನ್ನು ಸಿದ್ದಿಗಳು ತಾವೇ ತೀರ್ಮಾನಿಸಿಕೊಂಡರು. ಅಚೋಲಿಗಳಿಗೆ ಭಾಷೆ ಉಳಿದು ಆ ತೀರ್ಮಾನ ಕೈತಪ್ಪಿತ್ತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ, ತಮ್ಮತನದ ಮೂಲ ಈ ತೀರ್ಮಾನದ ಹಕ್ಕಿನಲ್ಲಿದೆ ಎಂಬುದು ತಿಳಿಯುತ್ತದೆ. ಭಾಷೆ ಆ ಹಕ್ಕಿನ ಅತ್ಯಂತ ಬಲವಾದ ಸಾಧನ.

ಪ್ರಮಾಣಪತ್ರದ ಪ್ರಶ್ನೆ

ಇಂದು ಹಟ್ಟಿಗೆ ಪ್ರಶ್ನೆ ಹೊತ್ತು ಬರುವುದು ಮಿಷನರಿಗಿಂತ ಹೆಚ್ಚಾಗಿ ಸರ್ಕಾರ. ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಹಳೆಯದು. ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸನ್ನೂ ಕಳುಹಿಸಿದೆ. ಇಂಥ ಬೇಡಿಕೆಗಳನ್ನು ಅಳೆಯುವ ಮಾನದಂಡ 1965ರ ಲೋಕೂರ್ ಸಮಿತಿಯದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ.

ಸೌಲಭ್ಯ ಬೇಕಾದವರು ತಾವು ಬೆರೆಯದವರು, ಬದಲಾಗದವರು ಎಂದು ರುಜುವಾತು ಮಾಡಬೇಕು. ಓದಿದ ಹುಡುಗ ಅರ್ಜಿಯಲ್ಲಿ ಮುಳ್ಳುಬೇಲಿಯನ್ನೂ ಗಣೆಯನ್ನೂ ಸಾಕ್ಷಿಯಾಗಿ ಹೇಳಬೇಕಾಗುತ್ತದೆ. ದೇವರ ಸೇವೆಯಾಗಿದ್ದದ್ದು ಕಡತದಲ್ಲಿ ಬುಡಕಟ್ಟು ಲಕ್ಷಣವಾಗುತ್ತದೆ. ಬೇಡಿಕೆ ನ್ಯಾಯವಾದದ್ದೇ ಆಗಿರಬಹುದು. ತೊಡಕಿರುವುದು ಉತ್ತರದ ಅಚ್ಚನ್ನು ಮೊದಲೇ ಎರಕ ಹೊಯ್ದಿಟ್ಟ ಪ್ರಶ್ನೆಯಲ್ಲಿ. ಯಾದವರೆಂದು ಹೇಳಿಕೊಂಡರೆ ದೊಡ್ಡ ಸಮೂಹದ ಬಲ ಸಿಗುತ್ತದೆ, ಕಾಡುಗೊಲ್ಲರೆಂದರೆ ಬುಡಕಟ್ಟಿನ ಹಕ್ಕು. ಜುಂಜಪ್ಪ ಕೃಷ್ಣನ ಕುಲದವನೋ ಕಾಡಿನ ವೀರನೋ ಎಂಬುದು ಹೀಗೆ ಮೀಸಲಾತಿಯ ಪ್ರಶ್ನೆಯೂ ಆಗಿಬಿಟ್ಟಿದೆ.

ಒಳಗಿನವರು ಯಾರು

ತೀರ್ಮಾನ ಸಮುದಾಯದ್ದು ಎಂದ ಕೂಡಲೇ ಎದುರಾಗುವ ಕಠಿಣ ವಿಷಯ ಹೆಣ್ಣುಮಕ್ಕಳದು. ಮುಟ್ಟಾದವರನ್ನು, ಬಾಣಂತಿಯನ್ನು ಹಸುಗೂಸಿನ ಸಮೇತ ಹಟ್ಟಿಯ ಹೊರಗಿಡುವ ಪದ್ಧತಿ ಅನೇಕ ಗೊಲ್ಲರಹಟ್ಟಿಗಳಲ್ಲಿ ನಡೆದು ಬಂದಿದೆ. ದೇವರಿಗೆ ಸೂತಕ ತಾಗಬಾರದು ಎಂಬುದು ಅದಕ್ಕೆ ಕೊಡುವ ಕಾರಣ. ಮಳೆ, ಚಳಿ, ಹಾವು ಚೇಳುಗಳ ನಡುವೆ ಗುಡಿಸಲಿನಲ್ಲಿ ದಿನ ತಳ್ಳಬೇಕಾದವರು ತಾಯಿ ಮತ್ತು ಮಗು. ಸರ್ಕಾರ ಕೆಲವೆಡೆ ಕೃಷ್ಣ ಕುಟೀರ ಎಂಬ ಕಟ್ಟಡಗಳನ್ನು ಕಟ್ಟಿಸಿತು. ಸೂರು ಸಿಕ್ಕಿತು, ಪದ್ಧತಿಗೂ ಸಿಮೆಂಟಿನ ಬುನಾದಿ ಬಿತ್ತು. ವಾಮಾಚಾರ ಮತ್ತು ಅಮಾನವೀಯ ಆಚರಣೆಗಳನ್ನು ತಡೆಯುವ ಕರ್ನಾಟಕದ 2017ರ ಕಾಯ್ದೆ, 2020ರ ಜನವರಿಯಿಂದ ಜಾರಿಗೆ ಬಂದು, ಹೆಣ್ಣುಮಕ್ಕಳನ್ನು ಹೀಗೆ ಬಲವಂತವಾಗಿ ಹೊರಗಿಡುವುದನ್ನು ಅಪರಾಧ ಎನ್ನುತ್ತದೆ. ಸರ್ಕಾರದ ಒಂದು ಕೈ ವಿಶಿಷ್ಟ ಸಂಸ್ಕೃತಿಗೆ ಅಂಕ ಕೊಡುತ್ತದೆ, ಇನ್ನೊಂದು ಅದೇ ಸಂಸ್ಕೃತಿಯ ಒಂದು ಭಾಗವನ್ನು ದಂಡಿಸುತ್ತದೆ.

ಗಿಕುಯು ಜನ ಇದೇ ಇಕ್ಕಟ್ಟನ್ನು ಕಂಡಿದ್ದರು. 1929ರಲ್ಲಿ ಸ್ಕಾಟ್ಲೆಂಡ್ ಮಿಷನ್ ಹೆಣ್ಣುಮಕ್ಕಳ ಯೋನಿಛೇದನವನ್ನು ವಿರೋಧಿಸಿ ನಿಂತಾಗ, ಸಾವಿರಾರು ಜನ ಚರ್ಚು ಬಿಟ್ಟು ತಮ್ಮದೇ ಶಾಲೆಗಳನ್ನು ಕಟ್ಟಿಕೊಂಡರು. ಗಿಕುಯು ನಾಯಕ ಜೋಮೊ ಕೆನ್ಯಾಟಾ 1938ರ ತನ್ನ ಗ್ರಂಥದಲ್ಲಿ ಆ ಪದ್ಧತಿಯನ್ನು ಕುಲದ ಕಟ್ಟುಪಾಡಿನ ಬುಡವೆಂದು ಸಮರ್ಥಿಸಿದ. ಹೊರಗಿನವನು ಬೇಡ ಎಂದದ್ದರಿಂದಲೇ ಪದ್ಧತಿ ತಮ್ಮತನದ ಬಾವುಟವಾಯಿತು. ಗೂಗಿ ಹೆಚ್ಚು ಎಚ್ಚರದಿಂದ ಬರೆದ. 1965ರಲ್ಲಿ ಪ್ರಕಟವಾದ ಅವನ ಕಾದಂಬರಿಯಲ್ಲಿ ಕ್ರೈಸ್ತ ಬೋಧಕನ ಮಗಳು ಮುಥೋನಿ ಎರಡೂ ಲೋಕಗಳಿಗೆ ಸೇರಬೇಕೆಂದು ಆ ಆಚರಣೆಗೆ ಒಡ್ಡಿಕೊಂಡು ಸಾಯುತ್ತಾಳೆ. ಎರಡು ಪಕ್ಷಗಳೂ ಅವಳ ಸಾವನ್ನು ತಮ್ಮ ವಾದಕ್ಕೆ ಬಳಸಿಕೊಳ್ಳುತ್ತವೆ. ಅವಳು ಹುಡುಕುತ್ತಿದ್ದದ್ದು ಏನು ಎಂದು ಕೇಳುವವರಿಲ್ಲ.

ಹಟ್ಟಿಯ ವಿಷಯದಲ್ಲೂ ಇದೇ ಕೊರತೆ. ದೇವರ ಹೆಸರಿನಲ್ಲಿ ಕಟ್ಟಳೆ ಹಾಕುವವರು ಹಿರಿಯ ಗಂಡಸರು, ಕಾಯ್ದೆ ಹಿಡಿದು ಬರುವವರು ಅಧಿಕಾರಿಗಳು. ಹೊರಗೆ ಮಲಗುವವಳಿಗೆ ಎರಡೂ ಕಡೆ ಮಾತಿಲ್ಲ. ಅವಳ ಪಾಲಿಗೆ ಹಟ್ಟಿಯ ಹಿರಿಯರೂ ಹೊರಗಿನವರೇ. ಸಮುದಾಯಕ್ಕೆ ತೀರ್ಮಾನದ ಹಕ್ಕಿದೆ ಎಂಬ ಮಾತು ನಿಲ್ಲಬೇಕಾದರೆ ಆ ತೀರ್ಮಾನದಲ್ಲಿ ಅದರ ಹೊರೆ ಹೊರುವವರ ಪಾಲಿರಬೇಕು. ಕಥೆಯನ್ನು ಹಾಡುಗಾರರು ತಮ್ಮ ತಮ್ಮ ರೀತಿಯಲ್ಲಿ ಹಾಡಲು ಬಿಟ್ಟಿರುವ ಪರಂಪರೆಗೆ ಕಟ್ಟಳೆಯನ್ನು ತಿದ್ದಿಕೊಳ್ಳುವುದೂ ಸಾಧ್ಯ. ಪದ್ಧತಿ ಬಿದ್ದುಹೋದರೆ ದೇವರೂ ಬೀಳುತ್ತಾನೆ ಎಂಬ ಭಯಕ್ಕೆ ಜುಂಜಪ್ಪನ ಕಥೆಯಲ್ಲಿ ಆಧಾರವಿಲ್ಲ. ಅಲ್ಲಿ ಅವನು ಆಸರೆ ಕೊಡುವ ದೇವರು.

ತೀರ್ಮಾನ ಯಾರದು ಎಂಬ ಈ ಅಳತೆಗೋಲಿನಿಂದ ನೋಡಿದ ಮೇಲೆ ಹೊರಗಿನ ಪ್ರಭಾವವನ್ನೆಲ್ಲ ಒಂದೇ ಗುಂಪಿಗೆ ಸೇರಿಸಲಾಗದು. ಶಿರಾದ ದರ್ಬಾರು ಕೊಟ್ಟ ಪದಗಳನ್ನು ರೈತರು ತಮ್ಮ ಬಾಯಿಗೆ ಒಗ್ಗಿಸಿಕೊಂಡರು, ಅದು ಬೆಳವಣಿಗೆ. ಪಾವಗಡದ ಎರಡು ಭಾಷೆಗಳು ಒಟ್ಟಿಗೆ ಬಾಳುತ್ತಿವೆ, ಅದು ಸಹವಾಸ. ಅವತಾರದ ಪ್ರಶ್ನೆ, ಪ್ರಮಾಣಪತ್ರದ ಪ್ರಶ್ನೆಗಳು ಜನ ಏನು ಹೇಳಬೇಕೆಂಬುದನ್ನು ಮೊದಲೇ ನಿರ್ಧರಿಸುತ್ತವೆ; ನಿಜವಾದ ಅಪಾಯ ಅಲ್ಲಿದೆ. ಹೆರಿಗೆಯಾದ ತಾಯಿಯನ್ನು ಒಳಗೆ ಕರೆದುಕೊಳ್ಳಿ ಎಂಬ ಒತ್ತಾಯ ಹೊರಗಿನಿಂದ ಬಂದರೂ, ಹಟ್ಟಿಯ ಹೆಣ್ಣುಮಕ್ಕಳು ಅದನ್ನು ತಮ್ಮದೆಂದು ಎತ್ತಿಕೊಂಡ ದಿನ ಅದು ಹಟ್ಟಿಯದೇ ಮಾತಾಗುತ್ತದೆ.